ಲವಂಗ ಕಚ್ಚಿಕೊಂಡು ನೋಡಿದ ಇನ್ಸ್‌ಬ್ರುಕ್

ಸುದ್ದಿ ಹುಡುಕಿಕೊಂಡು ನಾನು ಹೋಗಬೇಕಾಗಿಲ್ಲ, ಸುದ್ದಿಗೇ ನನ್ನ ವಿಳಾಸ ಗೊತ್ತು. ಸಿಂಗಪುರದ ಯಿಶುನ್‌ನಲ್ಲಿ ನಮ್ಮ ಬ್ಲಾಕಿನ ಕೆಳಗೆ, ವಾಯ್ಡ್ ಡೆಕ್ ಅನ್ನೋ ತೆರೆದ ಜಗಲಿಯ ಕಲ್ಲುಬೆಂಚಿನ ಮೇಲೆ ಸಂಜೆ ಅರ್ಧ ಗಂಟೆ ಕೂತರೆ ಸಾಕು. ಯಾರ ಮನೆ ಸೊಸೆ ಅತ್ತೆ ಜೊತೆ ಮಾತು ಬಿಟ್ಟಳು, ಯಾವ ಮಹಡಿಯ ಗಂಡ ಸೋಫಾ ಮೇಲೆ ಮಲಗುತ್ತಿದ್ದಾನೆ, ಎಲ್ಲ ತಾನಾಗಿ ಬಂದು ಪಕ್ಕದಲ್ಲಿ ಕೂರುತ್ತೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಪುಸ್ತಕ ಓದಿದ್ದು ಕಡಿಮೆ, ಮುಖ ಓದಿದ್ದೇ ಹೆಚ್ಚು. ಹೋದ ಜೂನ್ ರಜೆಯಲ್ಲಿ ಆಸ್ಟ್ರಿಯಾ ದೇಶದ ಇನ್ಸ್‌ಬ್ರುಕ್ ಅನ್ನೋ ಹಳೇ ಊರಿಗೆ ಹೋದಾಗಲೂ ಹಾಗೇ ಆಯಿತು. ಜನ ಅಲ್ಲಿಗೆ ಹಿಮದ ಬೆಟ್ಟ ನೋಡೋಕೆ ಹೋಗುತ್ತಾರೆ. ನಾನೂ ನೋಡಿದೆ. ಬೆಟ್ಟ ಚೆನ್ನಾಗಿದೆ, ಆದರೆ ಪಾಪ, ಅದರ ಹತ್ತಿರ ಮುಚ್ಚಿಡುವಂಥದ್ದು ಏನೂ ಇಲ್ಲ.

ಹೊರಡುವ ಹಿಂದಿನ ದಿನ

ನಾವು ಎಂಟು ಜನ. ನಾನು, ನನ್ನ ಮಗಳು, ಅಳಿಯ, ಮೊಮ್ಮಗಳು. ಅಳಿಯನ ಬಗ್ಗೆ ಹೆಚ್ಚು ಬರೆಯೋಕಾಗಲ್ಲ, ಅವರು ಮಾತಾಡಿದರೆ ತಾನೇ. ಜೊತೆಗೆ ಹುಬ್ಬಳ್ಳಿ ಕಡೆಯ ಗಂಡ ಹೆಂಡತಿ, ಅವರ ಮಗ. ಅಪ್ಪ ಮಗ ಇಬ್ಬರೂ ಜುರಾಂಗ್ ಐಲ್ಯಾಂಡ್‌ನ ಎಣ್ಣೆ ಕಾರ್ಖಾನೆಯಲ್ಲಿ ಇಂಜಿನಿಯರುಗಳು, ಒಂದೇ ಕಂಪನಿ ಬಸ್ಸಿನಲ್ಲಿ ಹೋಗಿ ಬರುತ್ತಾರೆ. ಎಂಟನೆಯವರು ಕಾಂಡೋ ಆಂಟಿ. ಮೈಸೂರಿನವರು, ಈಜುಕೊಳ ಇರೋ ಕಾಂಡೋದಲ್ಲಿ, ಅಂದರೆ ದುಡ್ಡಿರೋರ ಅಪಾರ್ಟ್‌ಮೆಂಟಿನಲ್ಲಿ, ಮನೆ. ಆ ಕೊಳದಲ್ಲಿ ಅವರು ಇಳಿದದ್ದನ್ನು ಯಾರೂ ನೋಡಿಲ್ಲ, ಕೊಳದ ಮಾತು ಮಾತ್ರ ಎಲ್ಲರೂ ಕೇಳಿದ್ದಾರೆ.

ಈ ಆಂಟಿ ತಮ್ಮ ಅಕ್ಕನ ಮಗನನ್ನು ನನ್ನ ಮೊಮ್ಮಗಳಿಗೆ ತರಬೇಕು ಅಂತ ಆರು ತಿಂಗಳಿಂದ ಬೆನ್ನು ಹತ್ತಿದ್ದರು. ನನ್ನ ಮಗಳಿಗೂ ಮುಕ್ಕಾಲು ಮನಸ್ಸಾಗಿತ್ತು. ಟೂರ್ ಮುಗಿಯೋದರೊಳಗೆ ಹೂಂ ಅಥವಾ ಉಹೂಂ ಹೇಳುತ್ತೇನೆ ಅಂತ ಒಪ್ಪಿಕೊಂಡಿದ್ದಳು.

ಹೊರಡುವ ಹಿಂದಿನ ದಿನ ನಾನು ಚಟ್ನಿಪುಡಿ ಕಟ್ಟುತ್ತಿದ್ದೆ. ಮೊಮ್ಮಗಳು ಚಾಂಗಿ ಬಿಸಿನೆಸ್ ಪಾರ್ಕಿನ ಆಫೀಸಿನಿಂದ ಬಂದವಳು ಬ್ಯಾಗೂ ಇಳಿಸದೆ ನನ್ನ ಪಕ್ಕ ಕೂತು ಪಿಸುಗುಟ್ಟಿದಳು. ಅವಳಿಗೂ ಹುಬ್ಬಳ್ಳಿಯವರ ಮಗನಿಗೂ ಎರಡು ವರ್ಷದಿಂದ ಮನಸ್ಸು ಕೂಡಿದೆಯಂತೆ. ಅವರು ಲಿಂಗ ಕಟ್ಟುವವರು, ನಾವು ಜನಿವಾರದವರು. ಅವಳ ಅಮ್ಮ ಏನಂತಾಳೋ, ಅವನ ಅಮ್ಮ ಏನಂತಾಳೋ, ಇಬ್ಬರಿಗೂ ಬಾಯಿ ಬಾರದಂತೆ.

"ಅಜ್ಜಿ, ಯಾರಿಗೂ ಹೇಳಬೇಡ. ಅಮ್ಮನಿಗಂತೂ ಹೇಳಲೇಬೇಡ. ನಿನ್ನೊಬ್ಬಳಿಗೇ ಹೇಳ್ತಿರೋದು" ಅಂದಳು.

ಇಪ್ಪತ್ತೇಳು ವರ್ಷದಲ್ಲಿ ಈ ಹುಡುಗಿ ನನ್ನನ್ನು ನಂಬಿ ಒಂದು ಗುಟ್ಟು ಹೇಳಿದ್ದು ಅದೇ ಮೊದಲು. ಕಣ್ಣಲ್ಲಿ ನೀರು ಬಂತು. ಅವಳ ತಲೆ ಮೇಲೆ ಕೈಯಿಟ್ಟು ಮಾತು ಕೊಟ್ಟೆ. ಆಮೇಲೆ ನನ್ನ ಬಾಯಿಯ ಗುಣ ನನಗೇ ನೆನಪಾಗಿ ಒಂದು ಡಬ್ಬಿ ಲವಂಗ ಪ್ಯಾಕ್ ಮಾಡಿದೆ. ಮಾತು ನಾಲಗೆಗೆ ಬಂದಾಗಲೆಲ್ಲ ಒಂದು ಲವಂಗ ಕಚ್ಚಿಕೊಳ್ಳೋದು ಅಂತ ಲೆಕ್ಕ. ವಿಮಾನ ಇಳಿಯುವಷ್ಟರಲ್ಲಿ ಹದಿನೇಳು ಖರ್ಚಾಗಿತ್ತು.

ಚಿನ್ನದ ಛಾವಣಿ

ಆ ಊರಿನ ದೊಡ್ಡ ಹೆಸರು ಚಿನ್ನದ ಛಾವಣಿ. ಕಾಂಡೋ ಆಂಟಿ ಅದಕ್ಕೆ ಅಂತಲೇ ರೇಷ್ಮೆ ಸೀರೆ ಉಟ್ಟು ಮೇಲೆ ದಪ್ಪ ಜಾಕೆಟ್ ಹಾಕಿದ್ದರು. ಬಣ್ಣಬಣ್ಣದ ಹಳೇ ಮನೆಗಳ ಓಣಿಯಲ್ಲಿ ನಡೆದು ಹೋಗಿ ನೋಡಿದರೆ, ಒಂದು ಬಾಲ್ಕನಿ ಮೇಲೆ ನಮ್ಮ ಬಚ್ಚಲುಮನೆಯಷ್ಟು ಛಾವಣಿ. ಅದೂ ತಾಮ್ರದ ಹೆಂಚಿಗೆ ಚಿನ್ನದ ನೀರು ಕುಡಿಸಿದ್ದು. ಐನೂರು ವರ್ಷದ ಹಿಂದೆ ಒಬ್ಬ ರಾಜ ಅಲ್ಲಿ ನಿಂತು, ಕೆಳಗಿನ ಚೌಕದಲ್ಲಿ ಯಾರು ಯಾರ ಜೊತೆ ಹೊಡೆದಾಡುತ್ತಾರೆ ಅಂತ ನೋಡುತ್ತಿದ್ದನಂತೆ. ನನಗೆ ಆ ರಾಜ ಇಷ್ಟವಾದ.

ಹುಬ್ಬಳ್ಳಿಯಮ್ಮ ನಾಲ್ಕು ಜನರ ಮಧ್ಯೆ ನಮ್ಮ ಹಾಗೇ ಮಾತಾಡುತ್ತಾರೆ. ಬೇಜಾರಾದರೆ ಮಾತ್ರ ಊರಿನ ಮಾತು ಹೊರಗೆ ಬರುತ್ತೆ. "ಇಷ್ಟಕ್ಕ ಇಷ್ಟು ದೂರ ಬಂದ್ವೇನ್ರಿ? ನಮ್ಮತ್ತಿ ಮೈಮ್ಯಾಲ ಇದಕ್ಕಿಂತ ಜಾಸ್ತಿ ಇತ್ತು" ಅಂದರು.

ಅವರ ಮಗ ದೊಡ್ಡ ಕ್ಯಾಮೆರಾ ಹಿಡಿದು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಹಿಂದೆ ಹೋಗಿ ಮುಂದೆ ಬಂದು, ಹದಿನಾರು ಫೋಟೋ ತೆಗೆದ. ಹೋಟೆಲಿನಲ್ಲಿ ತೋರಿಸಿದ. ಹದಿನಾರರಲ್ಲೂ ನಮ್ಮ ಹುಡುಗಿ ಇದ್ದಳು. ಎರಡರಲ್ಲಿ ನನ್ನ ಮೊಣಕೈ ಇತ್ತು. ಛಾವಣಿ ಒಂದರಲ್ಲೂ ಇರಲಿಲ್ಲ. ಕಾಂಡೋ ಆಂಟಿ, ಪಾಪ ಹುಡುಗನಿಗೆ ಕ್ಯಾಮೆರಾ ಹೊಸದು, ಕೈ ಕೂತಿಲ್ಲ ಅಂದರು. ನಾನು ಒಟ್ಟಿಗೆ ಎರಡು ಲವಂಗ ಬಾಯಿಗೆ ಹಾಕಿಕೊಂಡೆ.

ರೂಮ್ ನಂಬರ್ ಇಲ್ಲದವನು

ಶುಕ್ರವಾರ ಬೆಟ್ಟಗಳ ನಡುವಿನ ಒಂದು ಸರೋವರಕ್ಕೆ ಹೋಗೋದಿತ್ತು. ಬಸ್ಸು ಎಂಟಕ್ಕೆ. ಎಂಟಕ್ಕೆ ಹತ್ತು ನಿಮಿಷ ಇದ್ದಾಗ ಕಾಂಡೋ ಆಂಟಿ ಹೋಟೆಲಿನ ಬಾಗಿಲ ಒಳಗೇ ಕುರ್ಚಿ ಎಳೆದುಕೊಂಡು ಕೂತರು. ಬೆಂಗಳೂರಿನಲ್ಲಿ ಈಗ ಹನ್ನೊಂದೂ ಇಪ್ಪತ್ತು, ಶುಕ್ರವಾರದ ರಾಹುಕಾಲ, ಹೊಸಿಲು ದಾಟೋದಿಲ್ಲ, ಎಂಟೂವರೆ ಆಗಲಿ ಅಂದರು.

ನಮ್ಮ ಗೈಡ್ ಅಲ್ಲಿಯ ಹೆಂಗಸು, ಕೈಯಲ್ಲಿ ಪಟ್ಟಿ ಹಿಡಿದ ಅಚ್ಚುಕಟ್ಟಿನವಳು. ಯಾಕೆ ನಿಂತಿದ್ದೀರಿ ಅಂತ ಕೇಳಿದಳು. ರಾಹು ಹೋಗಲಿ ಅಂತ ಕಾಯುತ್ತಿದ್ದೇವೆ ಅಂತ ನನ್ನ ಮಗಳು ಇಂಗ್ಲಿಷಿನಲ್ಲಿ ಹೇಳಿದಳು. ಗೈಡ್ ಪಟ್ಟಿ ನೋಡಿದಳು. ನಮ್ಮ ತಲೆ ಎಣಿಸಿದಳು. ಮತ್ತೆ ಪಟ್ಟಿ ನೋಡಿದಳು. ಆ ಮಿಸ್ಟರ್ ರಾಹು ಯಾವ ರೂಮಿನಲ್ಲಿದ್ದಾರೆ, ಅವರ ದುಡ್ಡು ಕಟ್ಟಿದ ಹಾಗೆ ಕಾಣೋದಿಲ್ಲವಲ್ಲ ಅಂದಳು.

ಎಂಟೂವರೆಗೆ ಹೊರಟೆವು. ಹನ್ನೊಂದಕ್ಕೆ ಸರೋವರದಲ್ಲಿ ದೋಣಿ ಹತ್ತಬೇಕು ಅನ್ನುವಾಗ ಹುಬ್ಬಳ್ಳಿ ಯಜಮಾನರು ಗಡಿಯಾರ ನೋಡಿಕೊಂಡು ಮೆತ್ತಗೆ ಕೇಳಿದರು. ಈ ಊರಿನ ಸೂರ್ಯನ ಪ್ರಕಾರ ರಾಹುಕಾಲ ಈಗ ತಾನೇ, ಆಂಟಿ ದಡದಲ್ಲೇ ಇರುತ್ತಾರೋ ಅಂತ. ದೋಣಿಯಿಂದ ಕಾಫಿ ವಾಸನೆ, ಬೆಣ್ಣೆ ಬಿಸ್ಕತ್ತಿನ ವಾಸನೆ ಬರುತ್ತಿತ್ತು. ಆಂಟಿ ಒಂದು ಕ್ಷಣ ಕಣ್ಣು ಮುಚ್ಚಿ ತೆರೆದು, "ಪಂಚಾಂಗ ಎಲ್ಲಿ ಅಚ್ಚಾಯಿತೋ ಅಲ್ಲಿಯದೇ ಲೆಕ್ಕ. ಭೂಮಿ ಮೇಲೆ ಎಲ್ಲಿದ್ದರೂ ಅಷ್ಟೇ" ಅಂತ ತೀರ್ಪು ಕೊಟ್ಟು ಎಲ್ಲರಿಗಿಂತ ಮೊದಲು ದೋಣಿ ಹತ್ತಿದರು.

ಹೊಳೆಯುವ ಜಾಗ

ಶನಿವಾರ ಒಂದು ಚರ್ಚು. ಬಾಲ್ಕನಿ ರಾಜನ ಗೋರಿ ಅಲ್ಲಿದೆ. ಸುತ್ತ ಆಳೆತ್ತರಕ್ಕಿಂತ ದೊಡ್ಡ ಇಪ್ಪತ್ತೆಂಟು ಕಂಚಿನ ಜನ, ಗಂಡಸರು ಹೆಂಗಸರು, ಕಪ್ಪಗೆ ಸಾಲಾಗಿ ಕಾವಲು ನಿಂತಿದ್ದಾರೆ. ಗೋರಿಯೊಳಗೆ ರಾಜನೇ ಇಲ್ಲವಂತೆ, ಬೇರೆ ಊರಲ್ಲಿ ಮಣ್ಣು ಮಾಡಿದ್ದಾರಂತೆ. ಅಷ್ಟು ಜನ ಕಾಯುತ್ತಿರೋದು ಖಾಲಿ ಪೆಟ್ಟಿಗೆ. ಕೆಲವು ಮನೆಗಳಲ್ಲೂ ಹೀಗೇ, ಮಾನ ಹೋಗಿ ಎಷ್ಟೋ ಕಾಲ ಆಗಿರುತ್ತೆ, ಕಾವಲು ಮಾತ್ರ ಜೋರು.

ಎಲ್ಲ ಬೊಂಬೆಗಳೂ ಕಪ್ಪು. ಒಬ್ಬ ಗಂಡಸಿನ ಬೊಂಬೆಯಲ್ಲಿ ಮಾತ್ರ ಒಂದು ಜಾಗ ಬಂಗಾರದ ಹಾಗೆ ಫಳಫಳ ಅನ್ನುತ್ತಿತ್ತು. ನಮ್ಮ ದೇವಸ್ಥಾನಗಳಲ್ಲಿ ಜನ ಮುಟ್ಟಿ ಮುಟ್ಟಿ ದೇವರ ಪಾದ ಸವೆದು ಹೊಳೆಯುತ್ತಲ್ಲ, ಹಾಗೆ. ಕಾಂಡೋ ಆಂಟಿ ಕನ್ನಡಕ ಬಿಚ್ಚಿ ಬ್ಯಾಗಿಗೆ ಹಾಕಿದ್ದರು. ಹೊಳೆಯುವುದು ಕಂಡದ್ದೇ ತಡ, ಹೋಗಿ ಭಕ್ತಿಯಿಂದ ಮುಟ್ಟಿ, ಎರಡೂ ಕಣ್ಣಿಗೆ ಒತ್ತಿಕೊಂಡು, ಅಕ್ಕನ ಮಗನ ಮದುವೆ ಬೇಗ ಆಗಲಿ ಅಂತ ನಮಗೆಲ್ಲ ಕೇಳೋ ಹಾಗೆ ಬೇಡಿಕೊಂಡರು.

ಗೈಡ್ ಕೆಂಪಗಾಗಿ, ಪ್ರವಾಸಿಗರು ತಮಾಷೆಗೆ ಮುಟ್ಟಿ ಮುಟ್ಟಿ ಅದು ಹೀಗೆ ಹೊಳೆಯುತ್ತೆ ಅಂದಳು. ಆಂಟಿ ಕನ್ನಡಕ ಹಾಕಿಕೊಂಡು ನೋಡಿದರು. ಅದು ಯಾವ ಜಾಗ ಅಂತ ನಾನು ಬರೆಯೋಲ್ಲ, ನನಗೂ ವಯಸ್ಸಾಗಿದೆ. ಮದುವೆಗೆ ಸಂಬಂಧಪಟ್ಟದ್ದೇ ಅಂತ ಮಾತ್ರ ಹೇಳಬಲ್ಲೆ.

ಗೋಪುರದ ಮೇಲೆ

ಅದೇ ಸಂಜೆ ಊರಾಚೆ ಗುಡ್ಡದ ಮೇಲಿನ ಗೋಪುರಕ್ಕೆ ಹೋದೆವು. ಚಳಿಗಾಲದಲ್ಲಿ ಹುಡುಗರು ಕಾಲಿಗೆ ಹಲಗೆ ಕಟ್ಟಿಕೊಂಡು ಅಲ್ಲಿಂದ ಜಾರಿ ಗಾಳಿಯಲ್ಲಿ ಹಾರುತ್ತಾರಂತೆ. ಹಾರುವವನ ಕಣ್ಣಿಗೆ ನೇರ ಎದುರಿಗೆ ಕಾಣೋದು ಊರಿನ ಸ್ಮಶಾನ.

ಅಲ್ಲೇ ಕಾಫಿ ಕುಡಿಯುತ್ತಾ ನನ್ನ ಮಗಳು ಕಿವಿಯಲ್ಲಿ ಹೇಳಿದಳು, ನಾಳೆ ರಾತ್ರಿ ಊಟದಲ್ಲಿ ಕಾಂಡೋ ಆಂಟಿಗೆ ಹೂಂ ಅಂದುಬಿಡ್ತೀನಿ, ಹುಡುಗಿ ಬಾಯೇ ಬಿಡೋಲ್ಲ ಅಂದಮೇಲೆ ಒಪ್ಪಿಗೆ ಅಂತಲೇ ಅರ್ಥ ಅಲ್ವಾ ಅಂತ. ನಾನು ಡಬ್ಬಿ ತೆಗೆದೆ. ಮೂರೇ ಲವಂಗ ಉಳಿದಿತ್ತು. ಮೂರನ್ನೂ ಬಾಯಿಗೆ ಹಾಕಿಕೊಂಡು ಸ್ಮಶಾನ ನೋಡುತ್ತಾ ಕೂತೆ. ಕಣ್ಣಲ್ಲಿ ನೀರು ಬಂತು. ಮಗಳು, ಅಮ್ಮನಿಗೆ ಮೊಮ್ಮಗಳ ಮದುವೆ ಅಂದರೆ ಎಷ್ಟು ಸಂತೋಷ ನೋಡಿ ಅಂತ ಗಂಡನಿಗೆ ಹೇಳಿದಳು. ಅಳಿಯ ತಲೆಯಾಡಿಸಿದರು.

ಎಂಟು ನಿಮಿಷ

ಭಾನುವಾರ ಕೊನೆಯ ದಿನ. ಕೇಬಲ್ ಕಾರಿನಲ್ಲಿ ಬೆಟ್ಟದ ಮೇಲೆ. ನಾನು ಮಂಕಿ ಕ್ಯಾಪು, ಎರಡು ಜೊತೆ ಕಾಲುಚೀಲ ಹಾಕಿಕೊಂಡು ಬೆಂಚಿನ ಮೇಲೆ ಕೂತಿದ್ದೆ. ಕೆಳಗೆ ಇಡೀ ಊರು ಬೊಂಬೆ ಹಬ್ಬದಲ್ಲಿ ಜೋಡಿಸಿಟ್ಟ ಹಾಗೆ. ಮೊಮ್ಮಗಳು ಬಂದು ಪಕ್ಕ ಕೂತಳು. ಮುಖ ಊದಿತ್ತು.

"ಅಜ್ಜಿ, ನೀನು ಅಮ್ಮನಿಗೆ ಹೇಳಲೇ ಇಲ್ವಾ?"

ನಾನು ಎದೆ ಉಬ್ಬಿಸಿ, "ಪ್ರಾಣ ಹೋದರೂ ಹೇಳೋಲ್ಲ. ಮಾತು ಕೊಟ್ಟಿಲ್ವೇನೆ?" ಅಂದೆ.

ಅವಳು ಅತ್ತೇಬಿಟ್ಟಳು. "ಹೇಳ್ತೀಯ ಅಂತಲೇ ಅಲ್ವಾ ನಿನಗೆ ಹೇಳಿದ್ದು!"

"ಬೇಡ ಅಂದೆಯಲ್ಲೇ."

"ಬೇಡ ಅಂದ್ರೆ ತಾನೇ ನೀನು ಹೇಳೋದು? ಅಮ್ಮನ ಮುಂದೆ ನನಗೆ ಬಾಯಿ ಬರಲ್ಲ. ಪ್ಲೇನ್ ಹತ್ತೋದ್ರೊಳಗೆ ಎಲ್ಲರಿಗೂ ಗೊತ್ತಾಗಿರತ್ತೆ ಅಂದ್ಕೊಂಡಿದ್ದೆ. ಐದು ದಿನದಿಂದ ಕಾಯ್ತಿದೀನಿ. ಇಷ್ಟು ವರ್ಷ ಇಲ್ಲದ್ದು ಈಗ್ಯಾಕೆ ಅಜ್ಜಿ ನೀನು ಹಿಂಗಾದೆ?"

ಹುಡುಗನೂ ದೂರದಲ್ಲಿ ನಿಂತು ನನ್ನನ್ನು ದುರುಗುಟ್ಟಿ ನೋಡುತ್ತಿದ್ದ. ಸಿಂಗಪುರದಲ್ಲಿ ದಿನವಿಡೀ ಬೆಂಕಿ ಜೊತೆ ಕೆಲಸ ಮಾಡುವವನು, ಅಮ್ಮನ ಮುಂದೆ ನಿಲ್ಲೋಕೆ ಧೈರ್ಯ ಇಲ್ಲ. ಎಪ್ಪತ್ನಾಲ್ಕು ವರ್ಷ ಕಷ್ಟಪಟ್ಟು ಗಳಿಸಿದ ಹೆಸರಿಗೆ ಐದು ದಿನದಲ್ಲಿ ನಾನೇ ಮಸಿ ಬಳಿದಿದ್ದೆ.

ಕೆಳಗಿಳಿಯುವ ಡಬ್ಬಿಯಲ್ಲಿ ಎಲ್ಲರೂ ಒತ್ತಾಗಿ ನಿಂತೆವು. ಕೇಬಲ್ ಕಾರಿನ ಒಂದು ಒಳ್ಳೇ ಗುಣ ಅಂದರೆ ಮಧ್ಯದಲ್ಲಿ ಯಾರೂ ಎದ್ದು ಹೋಗೋ ಹಾಗಿಲ್ಲ. ಕೆಳಗೆ ಬರೋಕೆ ಎಂಟು ನಿಮಿಷ. ನನಗೆ ಮೂರು ಸಾಕಾಯಿತು.

ಮೊದಲು ಬಾಯಿ ತೆರೆದದ್ದು ಕಾಂಡೋ ಆಂಟಿ. ಗಡಿಯಾರ ನೋಡಿ, "ಭಾನುವಾರ, ನಾಲ್ಕೂಮುಕ್ಕಾಲು. ರಾಹುಕಾಲದಲ್ಲಿ ಆಡಿದ ಮಾತು ಲೆಕ್ಕಕ್ಕಿಲ್ಲ" ಅಂದರು.

ಹುಬ್ಬಳ್ಳಿ ಯಜಮಾನರು ಕಿಟಕಿಯಾಚೆ ನೋಡುತ್ತಲೇ, "ಪಂಚಾಂಗ ಎಲ್ಲಿ ಅಚ್ಚಾಗೇತಿ ಅಲ್ಲೀದ ಲೆಕ್ಕ ಅಂದಿದ್ರಲ್ರಿ. ಬೆಂಗಳೂರಾಗ ಈಗ ಎಂಟೂಕಾಲು. ರಾಹು ಮನಿಗೆ ಹೋಗಿ ಊಟಕ್ಕ ಕುಂತಾನ" ಅಂದರು.

ಹುಬ್ಬಳ್ಳಿಯಮ್ಮ ಮಗನನ್ನು ಮೇಲಿಂದ ಕೆಳಗೆ ನೋಡಿದರು. "ಹದಿನಾರು ಫೋಟೋದಾಗ ಛಾವಣಿ ಕಾಣಲಾರದ ದಿನಾನ ನನಗ ಗೊತ್ತಾತು. ತಾನಾಗಿ ಹೇಳತಾನೇನು ಅಂತ ನೋಡಾಕತ್ತಿದ್ದೆ" ಅಂದು ನನ್ನ ಮೊಮ್ಮಗಳ ಕೆನ್ನೆ ಒರೆಸಿದರು.

ಎರಡು ಕಂಬ ದಾಟಿದವು. ಕೊನೆಗೆ ನನ್ನ ಮಗಳು, "ಮದುವೆ ಯಾರ ಪದ್ಧತೀಲಿ ಮಾಡೋದು?" ಅಂತ ಕೇಳಿದಳು. ಆ ಪ್ರಶ್ನೆ ಕೇಳಿದ ಮೇಲೆ ಉಳಿದದ್ದೆಲ್ಲ ಅಡುಗೆಯವರ ಕೆಲಸ. ಕಾಂಡೋ ಆಂಟಿ ಬೇಡಿಕೊಂಡದ್ದೂ ಫಲಿಸಿತು, ಹುಡುಗ ಮಾತ್ರ ಬೇರೆ.

ಆಮೇಲೆ ಮಗಳು ನನ್ನ ಕಡೆ ತಿರುಗಿದಳು. ಊರಿನೋರ ಸುದ್ದಿಯೆಲ್ಲ ತಂದು ಹೇಳ್ತೀಯ, ಮನೆ ಸುದ್ದಿ ಒಂದು ಹೇಳೋಕೆ ನಿನಗೇನಾಗಿತ್ತು, ನಾನು ಇವತ್ತು ರಾತ್ರಿ ಹೂಂ ಅಂದಿದ್ದರೆ ಏನು ಗತಿ ಅಂತ ಶುರು ಮಾಡಿದಳು. ಗುಟ್ಟು ಬಿಟ್ಟುಕೊಟ್ಟದ್ದಕ್ಕೆ ನಾನು ಬೈಸಿಕೊಂಡದ್ದು ಲೆಕ್ಕವಿಲ್ಲ. ಇಟ್ಟುಕೊಂಡದ್ದಕ್ಕೆ ಬೈಸಿಕೊಂಡದ್ದು ಅವತ್ತೊಂದೇ ದಿನ.

ಡಬ್ಬಿ ಕೆಳಗೆ ಮುಟ್ಟಿ ಬಾಗಿಲು ತೆರೆಯಿತು. ಆಗ ಅಳಿಯ ಗಂಟಲು ಸರಿಮಾಡಿಕೊಂಡರು. ಸಿಂಗಪುರ ಬಿಟ್ಟಮೇಲೆ ಅದೇ ಮೊದಲು.

"ನನಗೆ ಹೋದ ವರ್ಷವೇ ಗೊತ್ತಿತ್ತು. ಇಬ್ಬರೂ ಹಾಕರ್ ಸೆಂಟರ್‌ನಲ್ಲಿ ಒಂದೇ ತಟ್ಟೆಯಲ್ಲಿ ತಿಂತಿದ್ರು" ಅಂದರು.

ಮತ್ತೆ ಯಾಕೆ ಹೇಳಲಿಲ್ಲ ಅಂತ ನಾನೇ ಕೇಳಿದೆ.

"ಯಾರೂ ಕೇಳಲಿಲ್ಲ" ಅಂದು ಇಳಿದು ಹೋದರು.

ಮೂವತ್ತು ವರ್ಷ ಕಲ್ಲುಬೆಂಚಿನ ಮೇಲೆ ಕೂತು ಊರಿನ ಸುದ್ದಿ ಕೂಡಿಟ್ಟವಳು ನಾನು, ಮನೆಯಲ್ಲೇ ಇಂಥ ಉಗ್ರಾಣ ಇಟ್ಟುಕೊಂಡು. ಈಗ ದಿನಾ ಬೆಳಗ್ಗೆ ಅವರ ಕೈಗೆ ಕಾಫಿ ಲೋಟ ಕೊಟ್ಟು, ಎದುರಿಗೆ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ಮೂರನೇ ಮಹಡಿಯಿಂದ ಶುರು ಮಾಡಿ, ಒಂದೊಂದೇ ಮನೆ ಕೇಳುತ್ತಾ ಬರುತ್ತಿದ್ದೇನೆ.