ಹಗ್ಗದಂಗಡಿಗೆ ಗಾಜಿನ ಬಾಗಿಲಾ

ಸಿದ್ಧೇಶ್ವರ ಗುಡಿ ಹತ್ರದ ನಮ್ಮ ಬಜಾರದ ರಸ್ತೆ ಎಷ್ಟ ಅಗಲ ಇರಬೇಕು ಅಂತ ಠರಾವ ಮಾಡಿದಾಂವ ನಾನ. ಪ್ರಾಯದಾಗ ಜೋಳದ ಕಣಿಕಿ ಹೇರಿದ ಎರಡ ಚಕ್ಕಡಿ ಜೋಡಿಸಿ, ಬಲಗೈಯಾಗ ಒಂದರ ಹಗ್ಗ, ಎಡಗೈಯಾಗ ಇನ್ನೊಂದರ ಹಗ್ಗ ಹಿಡದು, ಹಲ್ಲಾಗ ಬಾರಕೋಲ ಕಚ್ಚಿಕೊಂಡು ಓಡಿಸಿದೆ. ಎರಡೂ ಕಡೆ ಗ್ವಾಡಿ ತಾವಾಗೇ ಸರದ ನಿಂತವು. ಕಣ್ಣಾರೆ ಕಂಡವರು ಭಾಳ ಮಂದಿ ಇದ್ರು. ಈಗ ಒಬ್ಬರೂ ಉಳದಿಲ್ಲ. ಹಿಂಗಾಗಿ ನನ್ನ ಮಾತ ನಂಬೂದ ಬಿಟ್ರ ನಿಮಗ ಬ್ಯಾರೆ ದಾರಿ ಇಲ್ಲ.

ಅಂಥಾ ರಸ್ತೆಕ್ಕ ಈಗ ಹೊಸಾ ಕಳೆ ತರಾಕತ್ತಾರ. ಹಳೇ ಕಟ್ಟಡಕ್ಕ ಹೊಸಾ ಮಾರಿ, ಎಲ್ಲಾರಿಗೂ ಒಂದ ನಮೂನಿ ಬಣ್ಣ, ಒಂದ ನಮೂನಿ ಬೋರ್ಡು. ಹೊಸಾ ಅಂಗಡ್ಯಾಗ ಮಾಲಿಗಿಂತ ಲೈಟ ಹೆಚ್ಚು. ನಡುವ ನಂದೊಂದು: ಎತ್ತಿನ ಹಗ್ಗ, ಮೂಗದಾಣ, ಗೆಜ್ಜಿ, ಬಾರಕೋಲ. ಮಗ ಹೇಳಿಬಿಟ್ಟಾನ: "ಅಪ್ಪಾ, ಅಂಗಡಿ ಹೊಸಾದ ಮಾಡೂಣು. ಆಗೂ ಗಿರಾಕಿ ಬರಲಿಲ್ಲಂದ್ರ ಮೊಬೈಲ್ ಕವರ್ ಮಾರಾವಗ ಬಾಡಿಗಿ ಕೊಡೂದ." ಅವತ್ತಿಂದ ನಮ್ಮಲ್ಲಿ ನಗು ಬರೂ ಸಂಗತಿ ದಿನಾ ಬರಾಕತ್ತಾವ. ಗಿರಾಕಿ ಮಾತ್ರ ಬರವಲ್ರು.

ಕಟ್ಟಿ

ಮೊದಲ ಹೋಗಿದ್ದು ಅಂಗಡಿ ಮುಂದಿನ ಕಲ್ಲಿನ ಕಟ್ಟಿ. ಅಳತಿ ಪಟ್ಟಿ ಹಿಡಕೊಂಡು ಬಂದ ಇಂಜಿನಿಯರು, "ಅಜ್ಜಾರ, ನಿಮ್ಮ ಕಟ್ಟಿ ರಸ್ತೆದಾಗ ಬಂದೈತ್ರಿ," ಅಂದಾ.

"ತಮ್ಮಾ, ಕಟ್ಟಿ ಎಲ್ಲೂ ಬಂದಿಲ್ಲ. ರಸ್ತೆನ ಬಂದೈತಿ," ಅಂದೆ. ಕೇಳಲಿಲ್ಲ. ಊಟಾ ಮಾಡಿ ಬರೂದ್ರಾಗ ಜೆಸಿಬಿ ಕಿತ್ತ ಹಾಕಿತ್ತು.

ನಮ್ಮ ಕಡೆ ಹಗ್ಗದ ವ್ಯಾಪಾರ ನಿಂತ ಆಗೂದಲ್ಲ. ರೈತ ಬರತಾನ, ಕಟ್ಟಿ ಮ್ಯಾಲ ಕುಂಡ್ರತಾನ, ಹಗ್ಗದ ತುದಿ ಕಾಲಬೆರಳಿಗೆ ಸುತ್ತಿ ಜಗ್ಗತಾನ, ಮಳಿ ಬೆಳಿ, ಬೀಗರ ಸುದ್ದಿ ಎಲ್ಲಾ ಮುಗಿಸಿ ಆಮ್ಯಾಲ ವ್ಯಾಪಾರದ ಮಾತ ತಗೀತಾನ. ಮರುದಿನ ಬಬಲೇಶ್ವರದ ಹಳೇ ಗಿರಾಕಿ ಒಬ್ಬರು ಬಂದ್ರು. ಅತ್ತ ಇತ್ತ ನೋಡಿದ್ರು.

"ಅಂಗಡಿ ಬಂದ್ ಮಾಡೀರೇನ್ರಿ?"

"ತೆರದೈತಲ್ರಿ ಗೌಡ್ರ!"

"ಮತ್ತ ಕುಂಡ್ರೂದೆಲ್ಲಿ?"

ಓಡಿ ಹೋಗಿ ಪ್ಲಾಸ್ಟಿಕ್ ಕುರ್ಚಿ ತಂದ ಇಟ್ಟೆ. ಅವರು ಕುರ್ಚಿ ನೋಡಿದ್ರು, ನನ್ನ ನೋಡಿದ್ರು. "ಬ್ಯಾಡ್ರಿ. ಇದರ ಮ್ಯಾಲ ಕುಂತ್ರ ಕನ್ಯಾ ನೋಡಾಕ ಬಂದಂಗ ಆಕ್ಕೈತಿ. ಹಗ್ಗ ಒಪ್ಪಿಗಿ ಐತೋ ಇಲ್ಲೋ ಮನಿಗೆ ಹೋಗಿ ತಿಳಸ್ತೇನಿ."

ಇನ್ನೂ ತಿಳಿಸಿಲ್ಲ.

ಬಿಳೇ ನೆಲಾ

ಮುಂದ ಮಗ ಸಣ್ಣದೊಂದು ಗಾಜಿನ ಬಾಗಿಲಾ ಕೂಡ್ರಿಸಿ, ನೆಲಕ್ಕ ಬಿಳೇ ಟೈಲ್ಸ್ ಹಾಕಿಸಿದಾ. ಟಿಕೋಟಾದಿಂದ ರೈತರ ಗುಂಪೊಂದು ಬಂತು. ಅಷ್ಟ ಬೆಳ್ಳಗಿನ ನೆಲಾ ತುಳಿಯಾಕ ಮನಸಾಗದ ಚಪ್ಪಲಿ ಹೊರಗ ಸಾಲಾಗಿ ಬಿಟ್ರು. ಒಳಗ ಬಂದು ಗ್ವಾಡಿಗುಂಟ ನೆಲದ ಮ್ಯಾಲ ಕುಂತು, ಫ್ಯಾನಿನ ಗಾಳಿಗೆ ಟಾವೆಲ್ ತಲಿ ತುಂಬ ಹೊದ್ದುಕೊಂಡ್ರು. ಇಂಥಾ ಅಂಗಡ್ಯಾಗ ಹ್ಯಾಂಗ ಮಾತಾಡೂದೋ ತಿಳೀದ ಯಾರೂ ಬಾಯಿ ಬಿಡಲಿಲ್ಲ.

ಆಗ ಹಾದು ಹೊಂಟಿದ್ದಾಂವ ಸ್ಟೇಷನ್ ರಸ್ತೆಯ ದನದ ಹಿಂಡಿ ವ್ಯಾಪಾರಿ, ನನ್ನ ಹಳೇ ಗೆಳೆಯ. ಹೊರಗ ಚಪ್ಪಲಿ ಸಾಲು, ಒಳಗ ತಲಿ ಮ್ಯಾಲ ಟಾವೆಲ್ ಹೊದ್ದ ಮಂದಿ. ಗುಡಿ ಮುಂದ ಓಡಿ ಹೋಗಿ ಹಾರ ಕಟ್ಟಿಸಿಕೊಂಡು ಬಂದಾ.

"ಅಯ್ಯಯ್ಯೋ, ಎಂಥಾ ಮನಶ್ಯಾ ಹ್ವಾದ್ನೋ ಯಪ್ಪಾ!" ಅಂತ ಹಾರ ಹಿಡಕೊಂಡು ಹೆಣಾ ಹುಡುಕಾಕತ್ತಾ.

ಗಲ್ಲಾದ ಹಿಂದಿಂದ ನಾ ಎದ್ದ ನಿಂತೆ. "ಯಾರ ಹ್ವಾದ್ರಲೇ?"

"ಯಾರೂ ಇಲ್ಲಾ? ಛಲೋ ಆತ ಬಿಡು. ಆದ್ರ ಕಟ್ಟಿಸಿದ ಹಾರ ಹೊಳ್ಳಿ ಒಯ್ಯಬಾರದು," ಅಂದು ನನ್ನ ಕೊರಳಿಗೇ ಹಾಕಿದಾ.

ರೈತರು ಒಬ್ಬೊಬ್ಬರ ಎದ್ದು, ಕೈ ಮುಗದು ಹೊಂಟ್ರು. ಸಾವಿನ ಮನಿಯಿಂದ ಹೊಂಟಂಗ, ಒಬ್ಬರೂ 'ಬರ್ತೇವಿ' ಅನಲಿಲ್ಲ.

ಎತ್ತು

ಕಡೀಕ ನಾನ ಒಂದ ಹಂಚಿಕಿ ಹಾಕಿದೆ. ಅರಕೇರಿ ಅಳಿಯನ ಬಿಳೇ ಎತ್ತು ತರಿಸಿ, ಕೋಡಿಗೆ ಗೊಂಡೆ, ಕೊರಳಿಗೆ ಗೆಜ್ಜಿ ಕಟ್ಟಿ ಅಂಗಡಿಯೊಳಗ ನಿಲ್ಲಿಸಿದೆ. ಗಾಜಿನಾಗ ಎತ್ತು ಕಂಡ್ರ ರೈತರಿಗೆ ಗುರ್ತ ಸಿಗತೈತಿ ಅಂತ. ಕೆಳಗ ತಣ್ಣನ್ನ ಟೈಲ್ಸು, ಮ್ಯಾಲ ಫ್ಯಾನು. ಎತ್ತು ಕುಂತ ಬಿಡ್ತು. ಏಳವಲ್ದು. ಟಿಕೋಟಾ, ಬಬಲೇಶ್ವರದ ಮಂದೆಲ್ಲಾ ಕೂಡಿತು, ಗುಡೀತನಕ ಜನ. "ಜಗ್ಗ್ರಿ!" ಅಂದೆ. ಅಂಗಡ್ಯಾಗಿನ ಹಗ್ಗ ಎಲ್ಲಾ ಬಿಗದು ಜಗ್ಗಿದ್ರು. ನಮ್ಮ ಹಗ್ಗ ಹರೀಲಿಲ್ಲ, ಎತ್ತು ಏಳಲಿಲ್ಲ. ಅಷ್ಟ್ರಾಗ ಕರೆಂಟ್ ಹೋತು, ಫ್ಯಾನ್ ನಿಂತಿತು. ಎತ್ತು ತಲಿ ಎತ್ತಿ ಫ್ಯಾನ್ ನೋಡ್ತು, ದೊಡ್ಡದೊಂದು ಉಸಿರ ಬಿಡ್ತು, ತಾನಾಗೇ ಎದ್ದ ಹೊರಗ ಹೋತು. ಹಗ್ಗದ ಗಟ್ಟಿತನ ಕೈಯಾರೆ ಕಂಡ ಮಂದಿ ಇದ್ದಬದ್ದ ಮಾಲೆಲ್ಲಾ ಒಯ್ದ್ರು. ಒಂದ ಗೆಜ್ಜಿ ಉಳೀಲಿಲ್ಲ.

ನಿನ್ನೆ ಇದನ್ನ ಎದುರಿನ ಚಾದಂಗಡ್ಯಾಗ ಹೇಳಾಕತ್ತಿದ್ದೆ. ಚಾ ಸೋಸಕೋತ ನಿಂತಿದ್ದ ಅಂಗಡಿಯಾಂವ, ದೊಡ್ಡ ಹೊಟ್ಟಿ ಮನಶ್ಯಾ, ತಿರುಗಿ ಕೇಳಿದಾ:

"ಯಜಮಾನ್ರ, ನಿಮಗ ಚಾ ಕೊಡಾಕ ಬಂದ್ರ ಆ ಬಾಗಿಲದಾಗ ನಾನ ಅಡ್ಡ ತಿರುಗಿ ಹಾಯಬೇಕು. ಕೋಡಿನ ಎತ್ತು ಹ್ಯಾಂಗ ಒಳಗ ಬಂತ್ರಿ?"

ಕುಂತವರೆಲ್ಲಾ ನನ್ನ ಕಡೆ ನೋಡಿದ್ರು. ನಾ ನನ್ನ ಬಾಗಿಲಾ ನೋಡಿದೆ. ಮುಂಜಾನಿ ಮಗ ಒರಸಿದ ಗಾಜು, ಇನ್ನೂ ಒಂದ ಬೆರಳಿನ ಗುರ್ತ ಬಿದ್ದಿರಲಿಲ್ಲ.

ಟಾವೆಲ್ ಝಾಡಿಸಿ ಹೆಗಲಿಗೆ ಹಾಕ್ಕೊಂಡೆ. "ಬಂದಿಲ್ಲಂತ ಇಟ್ಕೋಪಾ. ಆ ಬಾಗಿಲದಾಗ ಯಾರ ಬಂದಾರಂತ ಎತ್ತು ಬರಬೇಕು?"