ನೆಲದಲ್ಲೊಂದು ದರ್ಶನದ ಕಿಂಡಿ

ಹೊಸ ಮನೆ ಕಟ್ಟಿಸಿದವನ ಕಷ್ಟ ನಿಮಗೆ ಗೊತ್ತೇ? ದುಡ್ಡಿನ ಕಷ್ಟವಲ್ಲ ಸ್ವಾಮಿ, ಹೊಗಳಿಸಿಕೊಳ್ಳುವ ಕಷ್ಟ. ಬಂದವರೆಲ್ಲ ನನ್ನವಳು ಆರಿಸಿದ ಪರದೆಯನ್ನು ಮುಟ್ಟಿ ಮುಟ್ಟಿ "ಎಷ್ಟ್ ಚೆನ್ನಾಗಿದೆ!" ಅನ್ನುತ್ತಾರೆ. ನಾನು ಹಟ ಹಿಡಿದು ನೆಲದಡಿ ಮಾಡಿಸಿದ ಮಹಾಕಾರ್ಯದ ಮೇಲೆ ನಿಂತುಕೊಂಡೇ ಆ ಬಟ್ಟೆಯನ್ನು ಹೊಗಳುತ್ತಾರೆ. ಮೈ ಉರಿಯದೆ ಇರುತ್ತದೆಯೇ?

ಆ ಮಹಾಕಾರ್ಯವೇ ರೇಡಾನ್ ರಕ್ಷಣೆ. ರೇಡಾನ್ ಅಂದರೆ ಮಣ್ಣಿನಿಂದ ಏಳುವ ಒಂದು ಅನಿಲ. ನಿರಾಕಾರ, ನಿರ್ಗಂಧ, ನಿಶ್ಶಬ್ದ. (ಇದರಲ್ಲಿ ಕೊನೆಯದಾದರೂ ನನ್ನಲ್ಲಿರಬಾರದಿತ್ತೇ ಎಂಬುದು ನನ್ನವಳ ಕೊರಗು.) ನೆಲದ ಬಿರುಕುಗಳಿಂದ ಮನೆಯೊಳಗೆ ನುಸುಳುತ್ತದೆ, ವರ್ಷಗಟ್ಟಲೆ ಉಸಿರಾಡಿದವರಿಗೆ ಶ್ವಾಸಕೋಶದ ಕ್ಯಾನ್ಸರ್ ತರಬಲ್ಲದು. ಅದಕ್ಕೇ ಕಟ್ಟುವಾಗಲೇ ಜಲ್ಲಿ ಹರಡಿಸಿ, ಮೇಲೆ ದಪ್ಪನೆಯ ಪ್ಲಾಸ್ಟಿಕ್ ಹಾಳೆ ಹಾಸಿಸಿ, ಅಂಚುಗಳನ್ನೆಲ್ಲ ಅಂಟಿಸಿ, ಅದರ ಮೇಲೆ ಕಾಂಕ್ರೀಟ್ ಸುರಿಸಿದೆ. ಜಲ್ಲಿಯಲ್ಲಿ ಸೇರುವ ಅನಿಲ ಹೊರಹೋಗಲು ಅಡುಗೆಮನೆಯ ಮೂಲೆಯಿಂದ ಸೀದಾ ಚಾವಣಿಯ ಮೇಲಕ್ಕೆ ಒಂದು ಕೊಳವೆ. ಆ ಮೂಲೆಯಲ್ಲಿ ಕಪಾಟು ಬೇಕೆಂದಿದ್ದ ನನ್ನವಳು ಕೊಳವೆಯನ್ನು ಇವತ್ತಿಗೂ ಸವತಿಯನ್ನು ನೋಡಿದಂತೆ ನೋಡುತ್ತಾಳೆ.

ಇಷ್ಟೆಲ್ಲ ಮಾಡಿಸಿದ್ದು ಯಾರಿಗಾಗಿ? ಮೊಮ್ಮಗಳಿಗಾಗಿ. ಮಗಳು ಎದೆರೋಗದ ಆಸ್ಪತ್ರೆಯಲ್ಲಿ ನರ್ಸ್. ರಜೆ ಮುಗಿದು ಕೆಲಸಕ್ಕೆ ಹೊರಟರೆ ಹಗಲೆಲ್ಲ ಕೂಸನ್ನು ಎಲ್ಲಿ ಬಿಡುವುದು? ನಮ್ಮಲ್ಲೋ, ಹಿಂದಿನ ಬೀದಿಯಲ್ಲಿ ಹೊಸ ಮನೆ ಕಟ್ಟಿಸಿರುವ ಬೀಗರಲ್ಲೋ? ಅವಳು ಖಡಾಖಂಡಿತವಾಗಿ ಹೇಳಿಬಿಟ್ಟಳು.

"ಎರಡೂ ಮನೇಲಿ ರೇಡಾನ್ ಅಳೀತೀನಪ್ಪಾ. ಎಲ್ಲಿ ಕಡಿಮೆಯೋ ಪಾಪು ಅಲ್ಲಿ. ಆಮೇಲೆ ಯಾರೂ ಮುಖ ಊದಿಸ್ಕೊಂಡು ಕೂತ್ಕೋಬಾರದು."

ನಾನು ಒಳಗೊಳಗೇ ನಕ್ಕೆ. ಬೀಗರೂ ಹಾಳೆ ಹಾಸಿಸಿದ್ದರು ನಿಜ. ಆದರೆ ಅದು ನನ್ನನ್ನು ನೋಡಿ ಕಲಿತದ್ದು. ಮೊಮ್ಮಗಳು ನಮ್ಮ ಮನೆಗೇ ಎಂದು ತೊಟ್ಟಿಲಿಗೆ ಜಾಗವನ್ನೂ ಗೊತ್ತುಮಾಡಿದೆ.

ಆದರೆ ಗೆಲುವು ನಾಲ್ಕು ಜನರ ಕಣ್ಣಿಗೆ ಬೀಳಬೇಡವೇ? ನಾನು ಕನ್ನಡಕದ ಅಂಗಡಿಯವನು. ಕಾಣದ್ದನ್ನು ಕಾಣಿಸುವುದೇ ನನ್ನ ಕಸುಬು. ನನ್ನವಳು ಮಗಳ ಮನೆಗೆ ಹೋಗಿದ್ದ ಸಮಯ ನೋಡಿ, ಕಾಂಕ್ರೀಟ್ ಕೊರೆಯುವವರನ್ನು ಕರೆಸಿ ನಡುಮನೆಯಲ್ಲಿ ತಟ್ಟೆಯಗಲದ ಕಿಂಡಿ ತೆಗೆಸಿದೆ. ಸುತ್ತ ಹಿತ್ತಾಳೆಯ ಬಳೆ, ಮೇಲೆ ಗಾಜಿನ ಮುಚ್ಚಳ, ಒಳಗೊಂದು ಪುಟ್ಟ ದೀಪ. ಬಗ್ಗಿ ನೋಡಿದರೆ ಬರೀ ಕಪ್ಪು ಪ್ಲಾಸ್ಟಿಕ್. ಥತ್! ಕಸದ ಚೀಲ ತೋರಿಸಲು ಇಷ್ಟೆಲ್ಲ ಆಡಂಬರವೇ? ಕತ್ತರಿ ತಂದು ಹಾಳೆಯನ್ನು ಅಚ್ಚುಕಟ್ಟಾಗಿ ಕತ್ತರಿಸಿ ಪಕ್ಕಕ್ಕೆ ಮಡಿಸಿದೆ. ಕೆಳಗಿನ ಜಲ್ಲಿ ದೀಪದ ಬೆಳಕಿನಲ್ಲಿ ಹೊಳೆಯಿತು ನೋಡಿ, ನನ್ನ ಎದೆ ಉಬ್ಬಿಹೋಯಿತು.

ನನ್ನವಳು ವಾಪಸು ಬಂದು ಹೊಸ್ತಿಲಲ್ಲೇ ನಿಂತಳು.

"ಏನ್ರೀ ಇದು, ಬಾವಿ ತೋಡಿಸ್ತಿದೀರಾ?"

"ದರ್ಶನದ ಕಿಂಡಿ ಕಣೇ! ನಮ್ಮ ರಕ್ಷಣಾ ವ್ಯವಸ್ಥೆ ಜನಕ್ಕೆ ಕಾಣ್ಬೇಕು."

"ನನ್ ಕಾಲು ಅದ್ರಲ್ಲಿ ಸಿಕ್ಕಿಹಾಕ್ಕೊಂಡ್ರೆ ಜನಕ್ಕೆ ಇನ್ನೂ ಚೆನ್ನಾಗಿ ಕಾಣುತ್ತೆ ಬಿಡಿ."

ಅಕ್ಕಪಕ್ಕದವರೆಲ್ಲ ಬಂದರು. ಒಬ್ಬೊಬ್ಬರನ್ನೂ ಕಿಂಡಿಯ ಮುಂದೆ ಮೊಣಕಾಲೂರಿಸಿ ಭಾಷಣ ಬಿಗಿದೆ. ಗಾಜಿಗೆ ಪದೇಪದೇ ಹಬೆ ಕಟ್ಟುತ್ತಿದ್ದರಿಂದ ಮುಚ್ಚಳವನ್ನು ತೆಗೆದೇ ಇಟ್ಟೆ. ಪರದೆಯ ಕಡೆ ಒಂದು ನರಪಿಳ್ಳೆಯೂ ತಿರುಗಿ ನೋಡಲಿಲ್ಲ. ಆಹಾ, ಎಂಥ ದಿನಗಳು!

ಮಗಳು ರೇಡಾನ್ ಅಳೆಯುವ ಯಂತ್ರ ತಂದು ನಡುಮನೆಯ ಮೇಜಿನ ಮೇಲಿಟ್ಟಳು. ಕೆಲವು ದಿನ ಅದು ಅಲ್ಲೇ ಕೂತಿತ್ತು. ಕೊನೆಯ ದಿನ ಅವಳು ಕೂಸನ್ನೆತ್ತಿಕೊಂಡು ಬಂದಳು, ಜೊತೆಗೆ ಬೀಗರು. ಬರಲಿ, ಸೋಲನ್ನು ಕಣ್ಣಾರೆ ನೋಡಲಿ ಎಂದು ನಾನೇ ಕುರ್ಚಿ ಎಳೆದು ಕೂರಿಸಿದೆ.

ಯಂತ್ರದಲ್ಲಿ ಕೆಂಪು ದೀಪ!

"ಯಂತ್ರ ಕೆಟ್ಟಿದೆ!" ಎಂದು ಗುಡುಗಿದೆ.

"ಅಪ್ಪಾ, ಇದೇ ಯಂತ್ರ ಮಾವನ ಮನೇಲಿ ಹಸಿರು ತೋರಿಸ್ತು."

ಬೀಗರು ಮೆಲ್ಲಗೆ ಕೆಮ್ಮಿದರು. ಆ ಕೆಮ್ಮಿಗಿಂತ ರೇಡಾನೇ ವಾಸಿ. ನನ್ನವಳು ಮಾತ್ರ ಕಿಂಡಿಯ ಪಕ್ಕ ಕೂತು ಒಳಗೆ ಬೆರಳಾಡಿಸಿದಳು.

"ರೀ, ಈ ಹಾಳೆ ಹಾಸಿಸಿದ್ದು ಯಾಕೆ?"

"ಮಣ್ಣಿನ ಗಾಳಿ ಮೇಲೆ ಬರಬಾರದು ಅಂತ."

"ಅದನ್ನ ಕತ್ತರಿಸಿದ್ದು?"

"ಜನ... ಜನ ನೋಡ್ಲಿ ಅಂತ."

"ಬೇರೆಯವರ ಮನೆಗೆ ರೇಡಾನ್ ಕದ್ದುಮುಚ್ಚಿ ಬರುತ್ತೆ. ನೀವು ದೀಪ ಹಾಕಿ ಒಳಗೆ ಕರ್ಕೊಂಡಿದೀರಲ್ರೀ!"

ಕೂಸು ನನ್ನತ್ತ ಎರಡೂ ಕೈ ಚಾಚಿತು. ನನ್ನ ಮನೆಯ ಗಾಳಿಯೇ ಅದಕ್ಕೆ ಆಗದು ಎನ್ನಿಸಿ ಕರುಳು ಚುರ್ ಎಂದಿತು. ಮಗಳು ಅದನ್ನು ಬೀಗರ ಕೈಗೆ ಕೊಟ್ಟಳು.

ಈಗ ಹಾಳೆಗೆ ತೇಪೆ ಬಿದ್ದಿದೆ, ಕಿಂಡಿಗೆ ಕಾಂಕ್ರೀಟ್ ತುಂಬಿದೆ. ಹಸಿರು ದೀಪ ಬರುವವರೆಗೂ ಮೊಮ್ಮಗಳು ಬೀಗರಲ್ಲೇ. ಸಂಜೆ ಅಂಗಡಿ ಮುಚ್ಚಿ ನಾನು ಅಲ್ಲಿಗೇ ಓಡುತ್ತೇನೆ. ಬೀಗರು ಬಾಗಿಲಲ್ಲೇ ಕಾದಿರುತ್ತಾರೆ. ಕೂಸನ್ನು ತಕ್ಷಣ ಕೊಡುವುದಿಲ್ಲ, ಮಹಾನುಭಾವರು! ಮೊದಲು ನನ್ನನ್ನು ನಡುಮನೆಗೆ ಕರೆದೊಯ್ದು ನೆಲ ತೋರಿಸುತ್ತಾರೆ.

"ನೋಡಿ ಬೀಗ್ರೇ, ನಮ್ಮ ರಕ್ಷಣಾ ವ್ಯವಸ್ಥೆ. ಏನಾದ್ರೂ ಕಾಣಿಸ್ತಿದೆಯಾ?"

"ಇಲ್ಲ."

"ಸರಿಯಾಗಿ ನೋಡಿ. ಬೇಕಾದ್ರೆ ಬಗ್ಗಿ ನೋಡಿ."

ಬಗ್ಗಿ ನೋಡುತ್ತೇನೆ. "ಏನೂ ಕಾಣಿಸ್ತಿಲ್ಲ ಬೀಗ್ರೇ."

"ಅದೇ ಅದರ ಹೆಚ್ಚುಗಾರಿಕೆ!"

"ಭೇಷ್!" ಎನ್ನುತ್ತೇನೆ. ಜೋರಾಗಿಯೇ ಎನ್ನುತ್ತೇನೆ. ಹಾಗೆಂದ ಮೇಲೇ ಕೂಸು ನನ್ನ ಕೈಗೆ ಬರುವುದು.