ನಾವು ಕೊಂಡ ಗೀರನ್ನು ದಯವಿಟ್ಟು ಮನೆಗೆ ಕಳುಹಿಸಿಕೊಡಿ

ಹಾನಿ ಪರಿಶೀಲನಾ ವಿಭಾಗದ ಮುಖ್ಯಸ್ಥರಿಗೆ,
ಬಾಡಿಗೆ ಕಾರುಗಳ ಕಚೇರಿ,
ಪೆಟ್ರೋಲ್ ಬಂಕಿನ ಹಿಂದಿನ ಅಂಗಳ.

ಮಾನ್ಯರೇ,

ತಾವೂ, ತಮ್ಮ ಸಿಬ್ಬಂದಿಯೂ, ಅಂಗಳದಲ್ಲಿ ಸಾಲಾಗಿ ನಿಂತಿರುವ ತಮ್ಮ ಕಾರುಗಳೂ, ಆ ಕಾರುಗಳ ಮೇಲೆ ನೆಲೆಸಿರುವ ಧೂಳೂ ಸುಕ್ಷೇಮವೆಂದು ನಂಬಿ ಈ ಪತ್ರವನ್ನು ನಾಲ್ಕು ಜನ ಓದುವಂತೆ ಬಹಿರಂಗವಾಗಿ ಬರೆಯುತ್ತಿದ್ದೇನೆ. ಧೂಳಿನ ಯೋಗಕ್ಷೇಮವನ್ನು ಪ್ರತ್ಯೇಕವಾಗಿ ವಿಚಾರಿಸಿದ್ದೇಕೆಂಬುದು ಮುಂದೆ ತಮಗೇ ತಿಳಿಯುತ್ತದೆ. ನಮ್ಮ ಮನೆಯಲ್ಲಿ ಅಜ್ಜಿಯೊಬ್ಬರನ್ನು ಬಿಟ್ಟು ಎಲ್ಲರೂ ಕ್ಷೇಮ.

ತಮ್ಮ ಬಿಳಿ ಕಾರನ್ನು ಬಾಡಿಗೆಗೆ ಪಡೆದವಳು ನನ್ನ ಅಕ್ಕ. ಅಜ್ಜಿಗೆ ಪಕ್ಕದೂರಿನಲ್ಲಿರುವ ತಂಗಿಯ ಹೊಸ ಮನೆಯನ್ನು ನೋಡುವ ಆಸೆ, ಅದಕ್ಕಿಂತ ಹೆಚ್ಚಾಗಿ ಕಾರಿನ ಮುಂದಿನ ಸೀಟಿನಲ್ಲಿ ಕೂತು ಹೋಗುವ ಆಸೆ. ನಾನು ಹಿಂದಿನ ಸೀಟಿನಲ್ಲಿ ತೊಡೆಯ ಮೇಲೆ ಪೆಟ್ಟಿಗೆ ಇಟ್ಟುಕೊಂಡು ಕೂತಿದ್ದೆ. ಅಕ್ಕ ಕಾರು ಓಡಿಸಿದ ವೇಗ ಎಷ್ಟಿತ್ತೆಂದರೆ, ಪೇಪರ್ ಹಾಕುವವನೊಬ್ಬ ಸೈಕಲ್ಲಿನಲ್ಲಿ ನಮ್ಮನ್ನು ದಾಟಿ, ಒಮ್ಮೆ ತಿರುಗಿ ನೋಡಿ, ಕಾರು ಕೆಟ್ಟಿದೆಯೇ ಎಂದು ಕನಿಕರದಿಂದ ಕೇಳಿದ. ಹೋದದ್ದೂ ಹಾಗೆಯೇ, ಬಂದದ್ದೂ ಹಾಗೆಯೇ. ಒಂದು ಮರದೆಲೆ ಸಹ ನಮಗೆ ತಾಗಲಿಲ್ಲ.

ಇನ್ನು ಧೂಳಿನ ವಿಷಯ. ತಾವು ಕಾರನ್ನು ನಮ್ಮ ವಶಕ್ಕೊಪ್ಪಿಸಿದ ದಿನ ಅದು ಬಿಳಿಯದೆಂಬುದಕ್ಕೆ ಕಾಗದಪತ್ರಗಳ ಹೊರತು ಬೇರೆ ಸಾಕ್ಷಿಯಿರಲಿಲ್ಲ. ಎಡಭಾಗದ ಹಿಂಬಾಗಿಲಿನ ಮೇಲೆ, ಆ ಧೂಳಿನಲ್ಲಿ, ಯಾರೋ ಬೆರಳಿನಿಂದ ದಪ್ಪಕ್ಷರಗಳಲ್ಲಿ ‘ನನ್ನನ್ನು ತೊಳೆಯಿರಿ’ ಎಂದು ಬರೆದಿದ್ದರು. ಅದು ದಾರಿಹೋಕರ ಕಿತಾಪತಿಯೆಂದು ನನಗೂ ಅಕ್ಕನಿಗೂ ಗೊತ್ತು. ಆದರೆ ಅಜ್ಜಿ ಬರೆದದ್ದನ್ನು ನಂಬುವ ಪೈಕಿ. ಸೋಪಿನ ಪೊಟ್ಟಣದ ಮೇಲಿನ ಸೂಚನೆಯನ್ನು ಪೂರ್ತಿ ಓದಿಯೇ ಕೈ ತೊಳೆಯುವವರು. ಅವರು ಕನ್ನಡಕ ಹಾಕಿಕೊಂಡು, ಬಾಗಿಲನ್ನು ಎರಡು ಸಲ ಓದಿ, ಇದು ಕಂಪನಿಯವರ ಷರತ್ತೆಂದು ತೀರ್ಮಾನಿಸಿಬಿಟ್ಟರು. ಅಕ್ಕ ಎಷ್ಟು ಹೇಳಿದರೂ ಕೇಳಲಿಲ್ಲ. ಸಾಲದ್ದಕ್ಕೆ ನಮ್ಮ ಮನೆಯಲ್ಲಿ ಅವರದೇ ಒಂದು ಕಾಯಿದೆಯಿದೆ: ಇನ್ನೊಬ್ಬರಿಂದ ತಂದ ಪಾತ್ರೆಯನ್ನು ತೊಳೆದೇ ಹಿಂದಿರುಗಿಸಬೇಕು, ಮತ್ತು ಖಾಲಿ ಕೊಡಬಾರದು. ಅಜ್ಜಿ ತೊಳೆದು ಕೊಟ್ಟ ಪಾತ್ರೆಯನ್ನು ಪಕ್ಕದ ಮನೆಯವರು ತಮ್ಮದಲ್ಲವೆಂದು ವಾಪಸು ಕಳುಹಿಸಿದ ಉದಾಹರಣೆಯೂ ಉಂಟು.

ಹೀಗಾಗಿ ಕಾರು ಹಿಂದಿರುಗಿಸುವ ದಿನ ಬೆಳಿಗ್ಗೆ ಅಜ್ಜಿ ಬಕೆಟ್ಟು, ಸೋಪು, ನನ್ನ ಹಳೆಯ ಬನಿಯನ್ನು, ಸಂದಿಗೊಂದಿಗೆಂದು ಒಂದು ಹಲ್ಲುಜ್ಜುವ ಬ್ರಷ್ಷು ಹಿಡಿದು ಕಾರಿಗೆ ಅಭ್ಯಂಜನವನ್ನೇ ಮಾಡಿಸಿದರು. ಆ ಕಾರಿನ ದೀಪಗಳಿಗೆ ಗಾಜಿತ್ತೆಂಬುದು ನಮಗೆ ಗೊತ್ತಾದದ್ದೇ ಆಗ. ಕೊನೆಗೆ, ಖಾಲಿ ಕೊಡಬಾರದೆಂಬ ನಿಯಮದಂತೆ, ಮುಂದಿನ ಸೀಟಿನೆದುರಿನ ಪುಟ್ಟ ಪೆಟ್ಟಿಗೆಯಲ್ಲಿ ಒಂದು ಪೊಟ್ಟಣ ಸಕ್ಕರೆ ಇಟ್ಟು, ನಾವು ನೋಡಲಿಲ್ಲವೆಂದುಕೊಂಡು, ಮುಚ್ಚಳ ಹಾಕಿದರು.

ತಮ್ಮ ಅಂಗಳದಲ್ಲಿ ನಮ್ಮನ್ನು ಬರಮಾಡಿಕೊಂಡವರು, ಉರಿಬಿಸಿಲಿನಲ್ಲೂ ಟಾರ್ಚು ಹಿಡಿದು ಪರಿಶೀಲಿಸುವ ತಮ್ಮ ನೌಕರರು. ಅವರನ್ನು ನಾನು ಗೌರವದಿಂದ ಟಾರ್ಚು ಮಹಾಶಯರೆನ್ನುತ್ತೇನೆ. ಅವರು ಕಾರನ್ನು ಒಂದು ಸುತ್ತು ಬಂದು, ಎಡಭಾಗದ ಹಿಂಬಾಗಿಲಿನ ಮೇಲೆ ಗೇಣುದ್ದದ ಗೀರೊಂದನ್ನು ಕಂಡು, ಬಾಲ್ಯದಲ್ಲಿ ಕಳೆದುಹೋದ ತಮ್ಮನೇ ಸಿಕ್ಕಂತೆ ಅದರ ಮುಂದೆ ಕುಕ್ಕರುಗಾಲಿನಲ್ಲಿ ಕೂತುಬಿಟ್ಟರು. ಗೀರು ಮೊದಲೇ ಇತ್ತು, ಧೂಳಿನ ಕೆಳಗೆ ಕಾಣಲಿಲ್ಲ ಅಷ್ಟೆ ಎಂದು ಅಕ್ಕ ವಾದಿಸಿದಾಗ, ಮಹಾಶಯರು ಕಾರು ಕೊಟ್ಟ ದಿನ ತಾವೇ ತೆಗೆದಿದ್ದ ಫೋಟೋವನ್ನು ಮೊಬೈಲಿನಲ್ಲಿ ತೋರಿಸಿ, “ನೋಡಿ ಮೇಡಂ, ಇದರಲ್ಲಿ ಗೀರು ಕಾಣ್ತಾ ಇಲ್ವಲ್ಲ,” ಎಂದರು. ನಿಜ. ಆ ಫೋಟೋದಲ್ಲಿ ಕಾಣುತ್ತಿದ್ದದ್ದು ಧೂಳು, ತೊಳೆಯಿರೆಂಬ ವಿನಂತಿ ಮತ್ತು ಒಂದು ಮೂಲೆಯಲ್ಲಿ ಮಹಾಶಯರದೇ ಹೆಬ್ಬೆರಳು. ಅದರಲ್ಲಿ ಬಾಗಿಲೇ ಕಾಣುತ್ತಿರಲಿಲ್ಲವಾದರೂ ಬಾಗಿಲಿಗೂ ನಮ್ಮಿಂದಲೇ ಹಣ ವಸೂಲು ಮಾಡದೆ ಬಿಟ್ಟ ತಮ್ಮ ದೊಡ್ಡ ಮನಸ್ಸಿಗೆ ನಾವು ಋಣಿಗಳು. ಅಷ್ಟು ಹೊತ್ತಿಗೆ ಸಕ್ಕರೆಯ ಸುದ್ದಿ ಇರುವೆಗಳಿಗೆ ತಲುಪಿತ್ತು. ಅವನ್ನು ಅನುಮತಿಯಿಲ್ಲದ ಪ್ರಯಾಣಿಕರೆಂದು ಬಿಲ್ಲಿನಲ್ಲಿ ನಮೂದಿಸಲಾಯಿತು. ಕೈ ಕೆಸರಾದರೆ ಬಾಯಿ ಮೊಸರೆನ್ನುತ್ತಾರೆ. ಅಜ್ಜಿಯ ಕೈ ಕೆಸರಾಯಿತು, ಅಕ್ಕನ ಠೇವಣಿಯೆಂಬ ಮೊಸರು ಅಷ್ಟೂ ತಮ್ಮ ಬಾಯಿಗೆ ಹೋಯಿತು.

ಮಾನ್ಯರೇ, ದುಡ್ಡು ಕೊಟ್ಟ ಮೇಲೆ ವಸ್ತು ಕೊಂಡವರದ್ದು. ಆದ್ದರಿಂದ ನಾವು ಕೊಂಡ ಗೀರನ್ನು, ಬಾಗದಂತೆ ಮುರಿಯದಂತೆ ಹುಲ್ಲಿನಲ್ಲಿ ಸುತ್ತಿ, ನಮ್ಮ ಮನೆಗೆ ಕಳುಹಿಸಿಕೊಡಬೇಕೆಂದು ಪ್ರಾರ್ಥಿಸುತ್ತೇನೆ. ಬಾಗಿಲಿನಿಂದ ಬಿಡಿಸಲು ಬಾರದಿದ್ದರೆ ಬಾಗಿಲಿನ ಸಮೇತ ಕಳುಹಿಸಿದರೂ ಅಡ್ಡಿಯಿಲ್ಲ, ಗಡಿಯಾರದ ಕೆಳಗೆ ಗೋಡೆ ಖಾಲಿಯಿದೆ. ಅದು ತಮ್ಮಲ್ಲೇ ಇರಲೆಂದಾದರೆ, ಇನ್ನೊಬ್ಬರ ವಸ್ತು ಇಟ್ಟುಕೊಂಡು ಓಡಾಡುವವರು ಬಾಡಿಗೆ ಕೊಡಬೇಕೆಂಬುದನ್ನು ಬಾಡಿಗೆಯಲ್ಲೇ ಪಳಗಿದ ತಮಗೆ ನಾನು ಹೇಳಿಕೊಡಬೇಕಾಗಿಲ್ಲ. ಟಿಕೆಟ್ಟಿಗೆ ನಾವೇ ದುಡ್ಡು ತೆತ್ತಿರುವ ಆ ಇರುವೆಗಳು ಯಾವ ನಿಲ್ದಾಣದಲ್ಲಿ ಇಳಿದವೆಂದೂ ತಿಳಿಸಿದರೆ ಉಪಕಾರ.

ಇನ್ನೊಂದು ಸೂಕ್ಷ್ಮ ವಿಚಾರ. ಮೊನ್ನೆ ತಮ್ಮ ಅಂಗಳದ ಬೇಲಿಯ ಪಕ್ಕ ಹಾದುಹೋಗುವಾಗ ಅದೇ ಕಾರು ಅಲ್ಲಿ ನಿಂತಿತ್ತು. ರಿಪೇರಿಗೆಂದು ನಮ್ಮಿಂದ ಹಣ ಪಡೆದ ಗೀರು ಇದ್ದಲ್ಲೇ ಇತ್ತು, ಅದರ ಮೇಲೆ ಹೊಸ ಧೂಳು ಎಳೆಮಗುವಿನ ಹೊದಿಕೆಯಂತೆ ಮೆತ್ತಗೆ ಕೂರತೊಡಗಿತ್ತು. ಅದನ್ನು ಕಂಡು ನಮಗಿಂತ ಮೊದಲೂ ಈ ಗೀರಿಗೆ ಒಡೆಯರಿದ್ದರೇ, ಮುಂದೆಯೂ ಬರಲಿರುವರೇ ಎಂಬ ಸಂಶಯ ಹುಟ್ಟಿದೆ. ಹಾಗಿದ್ದರೆ ದಯವಿಟ್ಟು ಎಲ್ಲ ಬಂಧುಬಳಗದವರ ಸಭೆಯೊಂದನ್ನು ಕರೆಯಿರಿ. ನಮ್ಮ ಕಡೆಯವರು ಜಗಳಗಂಟರಲ್ಲ. ಗೀರು ಯಾರ ಮನೆಯಲ್ಲಿ ಎಷ್ಟು ಕಾಲ ಇರಬೇಕೆಂದು ಕೂತು ಮಾತಾಡೋಣ.

ಇಷ್ಟಾದರೂ ನನ್ನ ನಿಜವಾದ ದೂರು ಇದಾವುದೂ ಅಲ್ಲ. ಕಾರು ತೊಳೆಯುವಾಗ ತನ್ನ ಕೈಯಿಂದಲೇ ಆ ಗೀರು ಬಿದ್ದದ್ದೆಂದು ಅಜ್ಜಿ ನಂಬಿದ್ದಾರೆ. ಅಂದಿನಿಂದ ಅವರು ಪಾತ್ರೆ ಉಜ್ಜುವ ನಾರನ್ನು ಮುಟ್ಟಿಲ್ಲ. ಆ ಕೆಲಸ ನನ್ನ ಪಾಲಿಗೆ ಬಂದಿದೆ, ಪಾತ್ರೆಗಳಿಗೂ ಅದು ಇಷ್ಟವಿದ್ದಂತಿಲ್ಲ. ಪಕ್ಕದ ಮನೆಯಿಂದ ತಂದ ದೊಡ್ಡ ಸೌಟನ್ನು ಬಳಸದೆಯೇ, ಎರಡೂ ಕೈಯಲ್ಲಿ ಹಿಡಿದುಕೊಂಡು ಹೋಗಿ ವಾಪಸು ಕೊಟ್ಟು ಬಂದರು. ಬಂದು ಅಂಗೈ ನೋಡಿಕೊಳ್ಳುತ್ತಾ, “ಇಷ್ಟು ವರ್ಷ ಒಬ್ಬರ ವಸ್ತುನೂ ಕೆಡಿಸಿದವಳಲ್ಲ ಕಣೋ. ಕೈ ಒರಟಾಗಿಬಿಡ್ತೇನೋ,” ಎಂದರು. ನಾನೂ ಅಕ್ಕನೂ ಹೇಳಿ ಹೇಳಿ ಸೋತೆವು. ಮೊಮ್ಮಕ್ಕಳ ಮಾತು ಸಮಾಧಾನದ ಮಾತು, ಬರೆದು ಕೊಟ್ಟದ್ದು ಮಾತ್ರ ನಿಜವೆಂಬುದು ಅವರ ನಿಲುವು.

ಆದಕಾರಣ ತಾವು ಅಜ್ಜಿಗೆ ಒಂದೇ ಒಂದು ಸಾಲು ಬರೆದುಕೊಡಬೇಕು: ‘ಗೀರು ನಿಮಗಿಂತ ಮೊದಲೇ ಇತ್ತು.’ ಠೇವಣಿಯ ಬಗ್ಗೆ ಅಕ್ಕ ಪ್ರತ್ಯೇಕವಾಗಿ ಬರೆಯುತ್ತಿದ್ದಾಳೆ, ಅವಳಿಗೆ ತಮಾಷೆ ಬರುವುದಿಲ್ಲವೆಂಬುದನ್ನು ಮುಂಚಿತವಾಗಿ ತಿಳಿಸಿರುತ್ತೇನೆ. ಕಾಗದ ಶಾಯಿಗಳ ಖರ್ಚು ಹೆಚ್ಚೆನಿಸಿದರೆ, ತಮ್ಮ ಯಾವುದಾದರೂ ಕಾರಿನ ಧೂಳಿನ ಮೇಲೆ ಆ ಸಾಲನ್ನು ಬೆರಳಿನಿಂದ ಬರೆದು ಫೋಟೋ ಕಳುಹಿಸಿದರೂ ಸಾಕು. ಆ ಬಗೆಯ ಪತ್ರವ್ಯವಹಾರದಲ್ಲಿ ಅಜ್ಜಿಗೆ ಸಂಪೂರ್ಣ ನಂಬಿಕೆಯಿದೆ. ಹೆಬ್ಬೆರಳು ಬಿದ್ದರೂ ಪರವಾಗಿಲ್ಲ, ಸಹಿಯೆಂದೇ ಭಾವಿಸುತ್ತೇವೆ.

ಗೇಣುದ್ದದ ಆಸ್ತಿಯ ಪಾಲುದಾರನೂ, ಆಸ್ತಿ ಕೈಸೇರುವವರೆಗೆ ಬಿಡದೆ ಬೆನ್ನುಹತ್ತುವ ತಮ್ಮ ವಿಶ್ವಾಸಿಯೂ ಆದ,

ಹಿಂದಿನ ಸೀಟಿನವನು

ಕೊಸರು: ಅಂಚೆಗೆ ಹಾಕುವ ಮೊದಲು ಈ ಪತ್ರವನ್ನು ಅಜ್ಜಿಗೆ ಓದಿ ಹೇಳಿದೆ. ಹೊಸ ಧೂಳಿನ ಭಾಗ ಬಂದಾಗ ಅವರು ನನ್ನನ್ನು ನಿಲ್ಲಿಸಿ, ಆ ಅಂಗಳದ ಉಳಿದ ಕಾರುಗಳೂ ಹಾಗೆಯೇ ಇವೆಯೇ ಎಂದು ಕೇಳಿದರು. ಎಲ್ಲವೂ ಹಾಗೆಯೇ ಎಂದೆ. “ಅವನ್ನು ನಾನು ಮುಟ್ಟೇ ಇಲ್ವಲ್ಲ. ಅವುಗಳ ಮೈಮೇಲೆ ಏನಿದೆ ನೋಡೇಬಿಡೋಣ,” ಎಂದು ಎದ್ದು ಬಕೆಟ್ಟು ಕೈಗೆತ್ತಿಕೊಂಡರು. ಪಾತ್ರೆ ತೊಳೆಯುವ ಕೆಲಸದಿಂದ ನನಗೆ ಬಿಡುಗಡೆಯಾಗುವ ಲಕ್ಷಣಗಳು ಕಾಣುತ್ತಿವೆ. ಈಗ ಅವರು ಅಕ್ಕನೊಂದಿಗೆ ಬಸ್‌ಸ್ಟಾಪಿಗೆ ಹೊರಟಿದ್ದಾರೆ, ಈ ಪತ್ರವೂ ಅಂಚೆಯ ಬದಲು ಅವರ ಕೈಯಲ್ಲೇ ಬರುತ್ತಿದೆ. ತಮ್ಮ ಅಷ್ಟೂ ಕಾರುಗಳನ್ನು, ಬಾಡಿಗೆಗೆ ಪಡೆಯಲು ಬಂದವರ ಕಣ್ಣೆದುರೇ, ಬಿಟ್ಟಿಯಾಗಿ ತೊಳೆದುಕೊಡಲಿದ್ದಾರೆ. ಅಂಗಳದ ನಲ್ಲಿ ಬಿಟ್ಟಿರಬೇಕಾಗಿ ವಿನಂತಿ. ಖಾಲಿ ಕೈಯಲ್ಲಿ ಬರುವವರಲ್ಲ, ಸಕ್ಕರೆಯನ್ನೂ ತರುತ್ತಿದ್ದಾರೆ.